ಬೇರಿನ ಹುಳು, ಬೀಜದ ಒಡೆತನ

(ಸಕ್ಕರೆ ಕಾರ್ಖಾನೆಯ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಅಧ್ಯಯನ ಕೂಟದಲ್ಲಿ ನಮ್ಮ ಸಂಘಟಕರು ಮಾಡಿದ ಭಾಷಣ)



ಕಳೆದ ಕೂಟದಲ್ಲಿ ಬೋನಸ್ಸಿನ ವಿಚಾರ ಆಡಿದೆವು. ಇಂದು ಹುಳುವಿನ ವಿಚಾರ. ಇದೇನು, ಪಕ್ಷದ ಸಭೆಯೋ ಕೃಷಿ ಇಲಾಖೆಯ ಸಭೆಯೋ ಎಂದು ಮುಂದಿನ ಸಾಲಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಸ್ವಲ್ಪ ತಾಳಿ. ಕಾರ್ಖಾನೆಯ ಚಕ್ರ ತಿರುಗುವುದು ಹೊಲದ ಬೇರಿನ ಬಲದಿಂದ. ಬೇರನ್ನು ಹುಳು ತಿಂದರೆ ಅರೆಯುವ ದಿನಗಳು ಕಡಿಮೆಯಾಗುತ್ತವೆ. ಅರೆಯುವ ದಿನ ಕಡಿಮೆಯಾದರೆ ಹಂಗಾಮಿನ ಕೆಲಸಗಾರ ಒಂದು ತಿಂಗಳು ಮೊದಲೇ ಮನೆ ಸೇರುತ್ತಾನೆ. ಅವನು ಮನೆ ಸೇರಿದ ತಿಂಗಳು ಅಂಗಡಿಯವರ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಆದುದರಿಂದ ಹುಳುವಿನ ಲೆಕ್ಕ ರೈತನೊಬ್ಬನ ಲೆಕ್ಕವಲ್ಲ.

ನಾನು ಇಂದು ಎತ್ತಿಕೊಂಡಿರುವ ಉದಾಹರಣೆ ನಮ್ಮ ಕಬ್ಬಿನದಲ್ಲ. ಅಮೆರಿಕದ ಸಕ್ಕರೆ ಬೀಟಿನದು. ಅಲ್ಲಿಯದನ್ನು ಏಕೆ ಆರಿಸಿದೆ ಎಂದರೆ, ಅಲ್ಲಿ ಹುಳುವಿನಿಂದ ಹಿಡಿದು ನ್ಯಾಯಾಲಯದವರೆಗೆ ಇಡೀ ಕಥೆ ಒಂದೇ ಕಣಿವೆಯಲ್ಲಿ, ಒಬ್ಬರ ಕಣ್ಣಳತೆಯಲ್ಲಿ ಸಿಗುತ್ತದೆ. ಮತ್ತು ಖಾಸಗಿ ಬಂಡವಾಳ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ ಎಂದು ಸಾರುವವರ ದೇಶ ಅದು. ಆ ಮಾತನ್ನು ಅಲ್ಲಿಯೇ ಪರೀಕ್ಷೆ ಮಾಡುವುದು ಒಳ್ಳೆಯದು.

ಸಕ್ಕರೆ ಬೀಟು ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟಿನ ಅಣ್ಣ. ಬಿಳಿ ಬಣ್ಣ, ಮೂಲಂಗಿಗಿಂತ ದಪ್ಪ, ತಂಪು ಸೀಮೆಯ ಬೆಳೆ. 1747ರಲ್ಲಿ ಬರ್ಲಿನ್ ನಗರದ ಮಾರ್ಗ್ರಾಫ್ ಎಂಬ ರಸಾಯನಶಾಸ್ತ್ರಜ್ಞ, ಕಬ್ಬಿನಲ್ಲಿರುವ ಸಕ್ಕರೆಯೇ ಈ ಗೆಡ್ಡೆಯಲ್ಲಿಯೂ ಇದೆ ಎಂದು ತೋರಿಸಿದ. ಅವನ ಶಿಷ್ಯ ಆಖಾರ್ಡ್ ಸೈಲೀಷಿಯಾ ಪ್ರಾಂತದ ಕುನೆರ್ನ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೊದಲ ಬೀಟ್ ಸಕ್ಕರೆ ಕಾರ್ಖಾನೆ ನಡೆಸಿದ. ಗುಲಾಮರ ಬೆವರಿನಿಂದ ಬೆಳೆದ ಕೆರಿಬಿಯನ್ ದ್ವೀಪಗಳ ಸಕ್ಕರೆಯನ್ನು ಇಂಗ್ಲೆಂಡಿನ ಹಡಗುಗಳು ತಡೆದಾಗ, ಫ್ರಾನ್ಸಿನ ನೆಪೋಲಿಯನ್ 1811ರಲ್ಲಿ ಬೀಟು ಬೆಳೆಯಿರಿ ಎಂದು ಆಜ್ಞೆ ಹೊರಡಿಸಿದ. ಆಗ ಗೆಡ್ಡೆಯಲ್ಲಿ ಸಕ್ಕರೆ ಇದ್ದದ್ದು ಬಲು ಸ್ವಲ್ಪ. ಇಂದು ಒಳ್ಳೆಯ ಗೆಡ್ಡೆಯಲ್ಲಿ ನೂರಕ್ಕೆ 17, 18 ಭಾಗ. ಇದನ್ನು ದೇವರು ಹೆಚ್ಚಿಸಲಿಲ್ಲ. ತಲೆಮಾರಿನ ಮೇಲೆ ತಲೆಮಾರು, ಸಿಹಿ ಗೆಡ್ಡೆಯನ್ನು ಆರಿಸಿ ಅದರ ಬೀಜವನ್ನೇ ಬಿತ್ತಿದ ಮನುಷ್ಯರು ಹೆಚ್ಚಿಸಿದರು. ಇಂದು ಲೋಕದ ಸಕ್ಕರೆಯಲ್ಲಿ ಸುಮಾರು ಐದನೆಯ ಒಂದು ಪಾಲು ಬೀಟಿನದು.

ಅಮೆರಿಕದ ಉತ್ತರದಲ್ಲಿ ಮಿನ್ನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳ ಗಡಿಯಾಗಿ ರೆಡ್ ನದಿ ಕೆನಡಾದ ಕಡೆಗೆ ಹರಿಯುತ್ತದೆ. ಅದರ ಕಣಿವೆ ಒಂದು ಕಾಲದಲ್ಲಿ ದೊಡ್ಡ ಸರೋವರದ ತಳ. ನಮ್ಮ ಎರೆಭೂಮಿಯಂತೆ ಕಪ್ಪು, ಜಿಗುಟು ಮಣ್ಣು. ಆ ದೇಶದಲ್ಲಿ ಬೀಟು ಅತಿ ಹೆಚ್ಚು ಬೆಳೆಯುವ ಸೀಮೆ ಅದೇ. ಅಲ್ಲಿಯ ಬೇರಿನ ಹುಳುವಿಗೆ ಒಂದು ನೊಣ ತಾಯಿ. ಮನೆನೊಣದಷ್ಟೇ ದೊಡ್ಡದು, ಮಿರುಗುವ ಕಪ್ಪು ಬಣ್ಣ, ರೆಕ್ಕೆಯ ಬುಡದ ಬಳಿ ಹೊಗೆ ಹಿಡಿದಂಥ ಕಲೆ. ಜೂನ್ ತಿಂಗಳ ಮೊದಲರ್ಧದಲ್ಲಿ, ಹಿಂದಿನ ವರ್ಷ ಬೀಟು ಬೆಳೆದಿದ್ದ ಹೊಲಗಳಿಂದ ಎದ್ದು ಈ ವರ್ಷದ ಎಳೆಯ ಪೈರಿಗೆ ಹಾರಿಬರುತ್ತದೆ. ಸಸಿಯ ಬುಡದಲ್ಲಿ, ಮಣ್ಣಿನ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹೊರಬೀಳುವ ಕಾಲಿಲ್ಲದ ಬಿಳಿ ಮರಿಹುಳು ಬಾಯಿಯ ಕೊಕ್ಕೆಯಿಂದ ತಾಯಿಬೇರನ್ನು ಕೆರೆಯುತ್ತದೆ. ರಸ ಒಸರುತ್ತದೆ, ಹುಳು ಹೀರುತ್ತದೆ. ಸಸಿ ಎಳೆಯದಾಗಿದ್ದರೆ ಬೇರು ತುಂಡಾಗಿ ಸಸಿಯೇ ಸಾಯುತ್ತದೆ. ಬಲಿತಿದ್ದರೆ ಗೆಡ್ಡೆಯ ಮೇಲೆ ಕಪ್ಪು ಗಾಯಗಳು ಉಳಿಯುತ್ತವೆ. ಹೊಟ್ಟೆ ತುಂಬಿದ ಹುಳು ಸುಮಾರು ಒಂದು ಅಡಿ ಆಳಕ್ಕಿಳಿದು, ಮೇಲೆ ಹಿಮ ಬಿದ್ದರೂ ಅಲ್ಲಿಯೇ ಮಲಗಿ, ವಸಂತದಲ್ಲಿ ಮತ್ತೆ ಮೇಲೇರುತ್ತದೆ. ವರ್ಷಕ್ಕೆ ಒಂದೇ ಸಂತತಿ. ಆ ಒಂದೇ ಸಂತತಿಗೆ, ಹಾವಳಿ ಬಲವಾದ ವರ್ಷ, ಇಳುವರಿಯ ನೂರಕ್ಕೆ 40 ಭಾಗ ನುಂಗುವ ಶಕ್ತಿಯಿದೆ.

ಕಾರ್ಖಾನೆಯವರು ಇನ್ನೊಂದನ್ನು ಗಮನಿಸಬೇಕು. ಕಬ್ಬು ಕಡಿದ ಮೇಲೆ ಬೇಗ ಅರೆಯದಿದ್ದರೆ ಒಣಗುತ್ತದೆ, ಸಕ್ಕರೆ ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ಅಲ್ಲಿ ಬೀಟನ್ನು ಶರತ್ಕಾಲದಲ್ಲಿ ಅಗೆದು ಬಯಲಿನಲ್ಲಿ ಬೆಟ್ಟದಂತೆ ರಾಶಿ ಹಾಕುತ್ತಾರೆ. ಆ ಸೀಮೆಯ ಚಳಿಯೇ ಅದಕ್ಕೆ ಉಗ್ರಾಣ. ತಿಂಗಳುಗಟ್ಟಲೆ ಆ ರಾಶಿಯಿಂದಲೇ ಕಾರ್ಖಾನೆ ನಡೆಯುತ್ತದೆ. ಗಾಯವಾದ ಗೆಡ್ಡೆ ರಾಶಿಯಲ್ಲಿ ಬೇಗ ಕೊಳೆಯುತ್ತದೆ. ಹೊಲದಲ್ಲಿ ಹುಳು ತಿಂದದ್ದು ಒಂದು ನಷ್ಟ, ರಾಶಿಯಲ್ಲಿ ಕರಗಿದ್ದು ಎರಡನೆಯ ನಷ್ಟ.

ಇದಕ್ಕೆ ಪರಿಹಾರ? ಕಣಿವೆಯ ರೈತ ಹಲವು ದಶಕಗಳಿಂದ ಹಾಕುತ್ತ ಬಂದಿರುವುದು ವಿಷವನ್ನು. ಬಿತ್ತುವಾಗಲೇ ಸಾಲಿನಲ್ಲಿ ಟೆರ್ಬುಫಾಸ್ ಎಂಬ ಹರಳು. ನೊಣ ಹೆಚ್ಚಾದರೆ ಜೂನಿನಲ್ಲಿ ಮೇಲಿನಿಂದ ಕ್ಲೋರ್‌ಪೈರಿಫಾಸ್. ನಮ್ಮಲ್ಲಿ ಕಬ್ಬಿನ ಗದ್ದೆಗೆ ಎರಚುತ್ತಿದ್ದ ಫೋರೇಟ್ ಹರಳನ್ನು ಬಲ್ಲವರು ಈ ಟೆರ್ಬುಫಾಸನ್ನು ಬಲ್ಲಂತೆಯೇ, ಎರಡೂ ಒಂದೇ ಮನೆತನದವು. ಫೋರೇಟಿನ ಮಾರಾಟ ಭಾರತದಲ್ಲಿ 2020ರ ಕೊನೆಗೆ ನಿಷೇಧವಾಯಿತು. ನಮ್ಮ ಜನ ಇಂಥದ್ದಕ್ಕೆ 'ಔಷಧಿ' ಎನ್ನುತ್ತಾರೆ. ಔಷಧಿ ಹೊಡೆಯುವುದು, ಔಷಧಿ ಕುಡಿದು ಸಾಯುವುದು, ಎರಡಕ್ಕೂ ಅದೇ ಪದ. ಆ ಪದವನ್ನು ಯಾರು ಕಲಿಸಿದರೋ, ಮಾರುವವರಿಗೆ ಬಹಳ ಉಪಕಾರವಾಯಿತು.

ಕ್ಲೋರ್‌ಪೈರಿಫಾಸ್ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು ಮಾಡುತ್ತದೆ ಎಂಬ ಆತಂಕದಿಂದ ಅದನ್ನು ತೆಗೆಯಬೇಕೆಂದು 2007ರಲ್ಲಿ ಅಲ್ಲಿಯ ಸಂಘಗಳು ಅರ್ಜಿ ಹಾಕಿದವು. ಹದಿನಾಲ್ಕು ವರ್ಷ ಎಳೆದಾಟವಾಗಿ 2021ರಲ್ಲಿ ಸರಕಾರ ಆಹಾರದ ಬೆಳೆಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ನ್ಯಾಯಾಲಯಕ್ಕೆ ಹೋದವರು ಯಾರು? ರೆಡ್ ನದಿ ಕಣಿವೆಯ ಬೀಟ್ ಬೆಳೆಗಾರರ ಸಂಘ ಮುಂದಾಳು. 2023ರ ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಸರಕಾರದ ಆಜ್ಞೆಯನ್ನು ರದ್ದು ಮಾಡಿತು. 2024ರ ಕೊನೆಗೆ ಸರಕಾರ ಹೊಸ ಪ್ರಸ್ತಾಪ ತಂದಾಗ, ವಿಷಕ್ಕೆ ಅವಕಾಶ ಉಳಿಸಿದ ಹನ್ನೊಂದು ಬೆಳೆಗಳ ಪಟ್ಟಿಯಲ್ಲಿ ಸಕ್ಕರೆ ಬೀಟೂ ಇತ್ತು.

ಆ ರೈತರನ್ನು ನಾನು ಖಳನಾಯಕರೆಂದು ಕರೆಯಲಾರೆ. ನೊಣ ಎದ್ದಿರುವಾಗ, ಬ್ಯಾಂಕಿನ ಸಾಲ ತಲೆಯ ಮೇಲಿರುವಾಗ, ಕೈಯಲ್ಲಿರುವ ಒಂದೇ ಆಯುಧವನ್ನು ಕಿತ್ತುಕೊಂಡರೆ ಯಾರೂ ಕೂಗುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ಅವರ ಕೈಗೆ ಇನ್ನೊಂದು ಆಯುಧ ಏಕೆ ಬರಲಿಲ್ಲ? ಅದು ಇರಲಿಲ್ಲವೇ? ಇತ್ತು. ಅದನ್ನು ಕುರಿತೇ ಇಂದಿನ ಮಾತು.

ಆ ಕಣಿವೆಯ ಫಾರ್ಗೋ ಊರಿನಲ್ಲಿ ಅಮೆರಿಕ ಸರಕಾರದ ಕೃಷಿ ಸಂಶೋಧನಾಲಯವಿದೆ. ಅಲ್ಲಿ ಲ್ಯಾರಿ ಕ್ಯಾಂಪ್‌ಬೆಲ್ ಮತ್ತು ಅವರ ಜತೆಯವರು ಸರಕಾರದ ಸಂಬಳದಲ್ಲಿ ಒಂದು ಕೆಲಸ ಮಾಡುತ್ತ ಬಂದರು: ಹುಳು ತಿನ್ನಲಾರದ ಬೀಟನ್ನು ಹುಡುಕುವುದು. ವಿಧಾನ ಕೇಳಲು ಸುಲಭ. ಹುಳುವಿನ ಕಾಟ ಅತಿ ಹೆಚ್ಚಿರುವ ಹೊಲದಲ್ಲಿ ಬೇಕೆಂದೇ, ವಿಷ ಹಾಕದೆ, ಬಗೆಬಗೆಯ ಬೀಟು ಬಿತ್ತಬೇಕು. ಬೇಸಗೆ ಮುಗಿದ ಮೇಲೆ ಗೆಡ್ಡೆಗಳನ್ನು ಕಿತ್ತು, ತೊಳೆದು, ಒಂದೊಂದರ ಗಾಯ ನೋಡಿ ಅಂಕ ಕೊಡಬೇಕು. ಗಾಯವಿಲ್ಲದ್ದಕ್ಕೆ ಸೊನ್ನೆ, ಪೂರ್ತಿ ಹಾಳಾದದ್ದಕ್ಕೆ 9. (ನಾನು ಮೇಷ್ಟರಾಗಿದ್ದಾಗ ಸೊನ್ನೆ ಪಡೆದವನಿಗೆ ಬೆತ್ತ. ಇಲ್ಲಿ ಸೊನ್ನೆ ಪಡೆದವನೇ ಮೊದಲಿಗ.) ಕಡಮೆ ಅಂಕದ ಗೆಡ್ಡೆಗಳನ್ನು ತೆಗೆದಿರಿಸಿ, ಒಂದರ ಪರಾಗ ಇನ್ನೊಂದಕ್ಕೆ ಸೇರಿಸಿ, ಬೀಜ ತೆಗೆದು, ಮತ್ತೆ ಅದೇ ಹುಳುವಿನ ಹೊಲಕ್ಕೆ ಬಿತ್ತಬೇಕು.

ಕಷ್ಟ ಎಲ್ಲಿದೆ ಎಂದರೆ ಕಾಲದಲ್ಲಿ. ಬೀಟು ಎರಡು ವರ್ಷದ ಗಿಡ. ಮೊದಲ ವರ್ಷ ಗೆಡ್ಡೆ ಕಟ್ಟುತ್ತದೆ. ಚಳಿ ಕಳೆದ ಮೇಲೆ, ಎರಡನೆಯ ವರ್ಷ, ಹೂ ಬಿಡುತ್ತದೆ. ಒಂದು ಸುತ್ತು ಆಯ್ಕೆಗೆ ಹೊಲದಲ್ಲಿ ಎರಡು ವರ್ಷ. ಐದು ಸುತ್ತಿಗೆ ಹತ್ತು ವರ್ಷ. ನಡುವೆ ಒಂದು ವರ್ಷ ನೊಣ ಸರಿಯಾಗಿ ಏಳದಿದ್ದರೆ ಆ ವರ್ಷದ ಅಂಕಪಟ್ಟಿ ವ್ಯರ್ಥ. ಮೇಲಾಗಿ ಈ ತಡೆಯುವ ಗುಣ ಒಂದೇ ವಂಶಬೀಜದಲ್ಲಿ ಕುಳಿತಿಲ್ಲ, ಹಲವುಗಳಲ್ಲಿ ಹರಡಿಕೊಂಡಿದೆ. ಹುಳುವನ್ನು ತಡೆಯುವ ಗೆಡ್ಡೆ ಸಕ್ಕರೆಯಲ್ಲಿ ಹಿಂದೆ ಬೀಳುವುದೂ ಉಂಟು. ಮೂರು ತಿಂಗಳಿಗೊಮ್ಮೆ ಲಾಭದ ಪಟ್ಟಿ ತೋರಿಸಬೇಕಾದ ಕಂಪನಿ ಇಂಥ ಕೆಲಸಕ್ಕೆ ಹತ್ತು ವರ್ಷ ಕಾಯುತ್ತದೆಯೇ? ಕಾದದ್ದು ಸಾರ್ವಜನಿಕ ಹಣ. ಫಲ ಬಂದಿತು. ಎಫ್ 1015, ಎಫ್ 1016 ಎಂಬ ಎರಡು ಮೂಲತಳಿಗಳು 2000ನೆಯ ಇಸವಿಯಲ್ಲಿ ದಾಖಲಾದವು, 2011ರಲ್ಲಿ ಎಫ್ 1024. ಬೆಲ್ಟ್ಸ್‌ವಿಲ್ ಎಂಬಲ್ಲಿಯ ಇನ್ನೊಂದು ಸರಕಾರಿ ಪ್ರಯೋಗಾಲಯದಲ್ಲಿ ಆನ್ ಸ್ಮಿಗೋಕಿ ಅವರ ತಂಡ ಗುಟ್ಟಿನ ಒಂದು ತುದಿ ಹಿಡಿಯಿತು. ಹುಳು ಕಚ್ಚಿದಾಗ ಈ ಬೀಟಿನ ಬೇರು, ಹುಳುವಿನ ಹೊಟ್ಟೆಯಲ್ಲಿ ಆಹಾರ ಜೀರ್ಣವಾಗದಂತೆ ಮಾಡುವ ವಸ್ತುವನ್ನು ಹೆಚ್ಚಾಗಿ ತಯಾರಿಸುತ್ತದೆ. ತಿಂದರೂ ಅರಗುವುದಿಲ್ಲ. ಗಿಡದ ಸ್ವಂತ ಮುಷ್ಕರ ಎನ್ನಬಹುದು.

ಹಾಗಾದರೆ ರೈತನ ಬೀಜದ ಚೀಲದಲ್ಲಿ ಇದು ಏಕಿಲ್ಲ?

ಮೂಲತಳಿಯನ್ನು ನೇರವಾಗಿ ಬಿತ್ತುವಂತಿಲ್ಲ. ಅದನ್ನು ಹೆಚ್ಚು ಸಕ್ಕರೆಯ ತಳಿಯೊಡನೆ ಕೂಡಿಸಿ ಸಂಕರ ಬೀಜ ಮಾಡಬೇಕು. ಬೀಟಿನಲ್ಲಿ ಸಂಕರ ಬೀಜ ಮಾಡುವ ದಾರಿಯನ್ನು ತೋರಿಸಿದವರೂ ಸರಕಾರಿ ವಿಜ್ಞಾನಿಯೇ, ಎಫ್. ವಿ. ಓವನ್, 1940ರ ದಶಕದಲ್ಲಿ. ಆದರೆ ಬೀಜ ತಯಾರಿಸಿ ಮಾರುವವರು ಲೋಕದಲ್ಲಿ ಬೆರಳೆಣಿಕೆಯ ಕಂಪನಿಗಳು. ಸರಕಾರ ಮೂಲತಳಿಯನ್ನು ಕೇಳಿದ ತಳಿಗಾರರಿಗೆಲ್ಲ ಕೊಡುತ್ತದೆ. ಅಲ್ಲಿಗೆ ಸರಕಾರದ ಕೈ ನಿಲ್ಲುತ್ತದೆ. ಮುಂದಿನ ಅರ್ಧ ದಾರಿ ಕಂಪನಿಯ ಇಚ್ಛೆ. ಕಂಪನಿ ಲೆಕ್ಕ ಹಾಕುತ್ತದೆ. ಈ ನೊಣದ ಕಾಟ ದೇಶದ ಎಲ್ಲ ಬೀಟಿನ ಸೀಮೆಯಲ್ಲಿ ಇಲ್ಲ. ಗಿರಾಕಿ ಕಡಮೆ, ಖರ್ಚು ಹೆಚ್ಚು. ಮೇಲೆ, ರೈತ ಹೇಗೂ ಹರಳು ಹಾಕುತ್ತಿದ್ದಾನಲ್ಲ.

ಇಲ್ಲಿ ನನ್ನ ಮಾತಿಗೆ ಎದುರುಮಾತು ಬರಬಹುದು. ಗುಣ ಹಲವು ವಂಶಬೀಜಗಳಲ್ಲಿ ಹರಡಿರುವುದೇ ಅಡ್ಡಿ, ಕಂಪನಿಯ ತಪ್ಪಲ್ಲ ಎಂದು. ಅರ್ಧ ನಿಜ. ಆ ಅರ್ಧವನ್ನು ಒಪ್ಪುತ್ತೇನೆ. ಆದರೆ ಅದೇ ಬೀಟಿನ ಇನ್ನೆರಡು ಸಂಗತಿಗಳನ್ನು ಪಕ್ಕದಲ್ಲಿಟ್ಟು ನೋಡಿ.

ಮೊದಲನೆಯದು ಬೇರಿನ ಹೇನು. ವಸಂತದಲ್ಲಿ ಕಾಡು ಮರದ ಎಲೆಯ ಗಂಟಿನಲ್ಲಿದ್ದು, ಬೇಸಗೆಯಲ್ಲಿ ಬೀಟಿನ ಬೇರಿಗಿಳಿದು ರಸ ಹೀರುವ ಸಣ್ಣ ಕೀಟ. ಇದಕ್ಕೆ ಪರಿಣಾಮಕಾರಿಯಾದ ವಿಷವೇ ಇಲ್ಲ. ಮಣ್ಣೊಳಗೆ ಅದನ್ನು ಮುಟ್ಟುವುದು ಕಷ್ಟ. ಇದಕ್ಕೆ ತಡೆ ಎಲ್ಲಿಂದ ಬಂತು? ಬೀಜದಿಂದಲೇ. ಹೇನನ್ನು ತಡೆಯುವ ತಳಿಗಳು ಅಂಗಡಿಗೆ ಬಂದಿವೆ, ರೈತ ಆರಿಸಿ ಬಿತ್ತುತ್ತಾನೆ.

ಎರಡನೆಯದು ಕಳೆನಾಶಕ ಸಹಿಸುವ ಬೀಟು. ರೌಂಡಪ್ ಎಂಬ ಕಳೆಯ ವಿಷವನ್ನು ಮೇಲೆ ಹೊಡೆದರೂ ಸಾಯದ ಈ ಬೀಟು ಅಮೆರಿಕದಲ್ಲಿ ವ್ಯಾಪಕವಾಗಿ ಬಂದದ್ದು 2008ರಲ್ಲಿ. 2010ರ ಹೊತ್ತಿಗೆ ಅಲ್ಲಿಯ ಬೀಟಿನ ಭೂಮಿಯಲ್ಲಿ ನೂರಕ್ಕೆ ಸುಮಾರು 95 ಭಾಗ ಅದೇ. ಇದರಲ್ಲಿ ಒಂದೇ ವಂಶಬೀಜದ ಕೆಲಸ, ಸುಲಭ ಹೌದು. ಕಳೆ ತೆಗೆಯುವ ಕಷ್ಟ ತಪ್ಪಿತು, ಅದೂ ಹೌದು. ಟೆಕ್ಸಾಸಿನ ತುದಿಯಿಂದ ಸಂಸಾರ ಕಟ್ಟಿಕೊಂಡು ಬಂದು ಆ ಹೊಲಗಳಲ್ಲಿ ಗುದ್ದಲಿ ಹಿಡಿಯುತ್ತಿದ್ದ ಮೆಕ್ಸಿಕನ್ ಮೂಲದ ಕೂಲಿಗಳ ಕೆಲಸವೂ ತಪ್ಪಿತು, ಅದನ್ನು ಜಾಹೀರಾತಿನಲ್ಲಿ ಬರೆಯುವುದಿಲ್ಲ. ಬೀಜದ ಚೀಲದ ಜತೆ ತಂತ್ರಜ್ಞಾನದ ಶುಲ್ಕ, ಶುಲ್ಕದ ಜತೆ ವಿಷದ ಡಬ್ಬ.

ವ್ಯಾಪಾರಿ ಬಂಧುಗಳು ಈ ಮೂರನ್ನೂ ತಕ್ಕಡಿಯಲ್ಲಿಡಿ. ವಿಷ ಮಾರಲು ಬಾರದ ಕಡೆ ತಡೆಯುವ ಗುಣ ಬೀಜಕ್ಕೆ ಬಂದಿತು. ಬೀಜವೇ ವಿಷದ ಮಾರಾಟವನ್ನು ಹೆಚ್ಚಿಸುವ ಕಡೆ ಎರಡು ಮೂರು ವರ್ಷದಲ್ಲಿ ದೇಶವನ್ನೇ ತುಂಬಿತು. ಬೀಜ ಬಂದರೆ ವಿಷದ ಮಾರಾಟ ನಿಲ್ಲುವ ಕಡೆ, ದಶಕಗಳು ಕಳೆದರೂ ರೈತ ಮುಖ್ಯವಾಗಿ ಹರಳನ್ನೇ ನಂಬಿಕೊಂಡಿದ್ದಾನೆ. ಇದಕ್ಕೆ ಪಿತೂರಿ ಬೇಕಿಲ್ಲ. ಕತ್ತಲ ಕೋಣೆಯಲ್ಲಿ ಯಾರೋ ಕುಳಿತು ಸಂಚು ಮಾಡಿದರೆಂದು ನಾನು ಹೇಳುತ್ತಿಲ್ಲ. ತಡೆಯುವ ಗುಣಕ್ಕೆ ಡಬ್ಬ ಇಲ್ಲ, ಅದರ ಮೇಲೆ ಕಮಿಷನ್ ಇಲ್ಲ. ಪೇಟೆ ತನ್ನ ಸ್ವಭಾವದಂತೆ ನಡೆಯಿತು. ನಿಮ್ಮ ಬೀದಿಯ ಗೊಬ್ಬರದ ಅಂಗಡಿಯವರನ್ನೇ ಕೇಳಿ, ಯಾವ ಮಾಲಿಗೆ ಕಂಪನಿ ಹೆಚ್ಚು ಉದ್ರಿ ಕೊಡುತ್ತದೆ ಎಂದು.

ಈಗ ಇನ್ನೊಂದು ಮಾತು, ಕಾರ್ಖಾನೆಯವರಿಗೆ ಇದು ಮುಖ್ಯ. ಆ ಕಣಿವೆಯ ದೊಡ್ಡ ಸಕ್ಕರೆ ಕಂಪನಿ ಅಮೆರಿಕನ್ ಕ್ರಿಸ್ಟಲ್. 1973ರಲ್ಲಿ ಬೆಳೆಗಾರರೇ ಸೇರಿ ಅದನ್ನು ಕೊಂಡು ಸಹಕಾರಿ ಮಾಡಿಕೊಂಡರು. ಕಣಿವೆಯಲ್ಲಿ ಐದು ಕಾರ್ಖಾನೆ. ಷೇರುದಾರ ರೈತ ಯಾವ ಬೀಜ ಬಿತ್ತಬಹುದು ಎಂಬ ಪಟ್ಟಿಯನ್ನು ಆ ಸಹಕಾರಿಯೇ ಪ್ರಯೋಗ ನಡೆಸಿ ಒಪ್ಪಿಗೆ ಕೊಡುತ್ತದೆ. ಎಂಥ ಅಧಿಕಾರ ನೋಡಿ! ಬೀಜದ ಕಂಪನಿಗಳು ಅದರ ಬಾಗಿಲಲ್ಲಿ ನಿಲ್ಲಬೇಕು. ಎಕರೆಗೆ ಎಷ್ಟು ಸಕ್ಕರೆ ಎಂಬ ಅಳತೆಗೆ ಆ ಪಟ್ಟಿಯಲ್ಲಿ ದೊಡ್ಡ ಸ್ಥಾನ. ನೊಣದ ಹುಳುವನ್ನು ತಡೆಯುವ ಬೀಜ ತನ್ನಿರಿ, ಒಂದೆರಡು ಮೂಟೆ ಕಡಮೆಯಾದರೂ ಚಿಂತೆಯಿಲ್ಲ ಎಂದು ಹಟ ಹಿಡಿಯಲು ಸಾಧ್ಯವಿದ್ದವರು ಯಾರಾದರೂ ಇದ್ದರೆ ಅವರೇ.

ಹಟವನ್ನು ಅವರು ಹಿಡಿದದ್ದು ಬೇರೆ ಕಡೆ. 2011ರ ಆಗಸ್ಟ್ 1ರಂದು, ಒಪ್ಪಂದದ ಮಾತುಕತೆ ಮುರಿದಾಗ, ಸುಮಾರು 1,300 ಕಾರ್ಮಿಕರಿಗೆ ಕಾರ್ಖಾನೆಗಳ ಬಾಗಿಲು ಮುಚ್ಚಿದರು. ಬದಲಿ ಆಳುಗಳನ್ನು ತಂದು ಅರೆದರು. ನಾಲ್ಕು ಸಾರಿ ಕಾರ್ಮಿಕರು ಕಂಪನಿಯ ಷರತ್ತುಗಳನ್ನು ಮತ ಹಾಕಿ ತಿರಸ್ಕರಿಸಿದರು. ಐದನೆಯ ಸಾರಿ, 2013ರ ಏಪ್ರಿಲಿನಲ್ಲಿ, ಒಪ್ಪಿದರು. ಇಪ್ಪತ್ತು ತಿಂಗಳು ಬಾಗಿಲ ಹೊರಗೆ ನಿಂತವರ ಒಪ್ಪಿಗೆ ಎಂಥದೆಂದು ಬೀಗಮುದ್ರೆ ಕಂಡವರಿಗೆ ನಾನು ವಿವರಿಸಬೇಕಿಲ್ಲ. ಸಹಕಾರಿ ಎಂಬ ಫಲಕ ಹಾಕಿದ ಮಾತ್ರಕ್ಕೆ ಬೇರಿನ ಕ್ಷೇಮವೂ ಬರುವುದಿಲ್ಲ, ಕಾರ್ಮಿಕನ ಕ್ಷೇಮವೂ ಬರುವುದಿಲ್ಲ. ನಮ್ಮ ಸೀಮೆಯ ಸಹಕಾರಿ ಕಾರ್ಖಾನೆಗಳ ಆಡಳಿತ ಮಂಡಳಿಗಳನ್ನು ಬಲ್ಲ ನಿಮಗೆ ಇದು ಹೊಸ ಸುದ್ದಿಯಲ್ಲ.

ನಮ್ಮ ಕಬ್ಬಿಗೆ ಬರೋಣ. ನಮ್ಮ ಬೇರಿನ ಶತ್ರು ಗೊಣ್ಣೆ ಹುಳು. ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಅವುಗಳ ಮರಿಗಳೇ ಬೇರು ಕತ್ತರಿಸುವ ಗೊಣ್ಣೆ. ಬೆಳೆ ಹಳದಿಯಾಗಿ, ಕೈಯಿಂದ ಎಳೆದರೆ ಬುಡಸಹಿತ ಬರುತ್ತದೆ. ಮರ ಅಲ್ಲಾಡಿಸಿ ದುಂಬಿಗಳನ್ನು ಸೀಮೆಎಣ್ಣೆ ನೀರಿಗೆ ಹಾಕುವುದು ಹಳೆಯ ಉಪಾಯ. ಊರೆಲ್ಲ ಒಟ್ಟಾಗಿ ಮಾಡಿದರೆ ಮಾತ್ರ ಫಲ. ಮೆಟಾರೈಜಿಯಂ ಎಂಬ, ಹುಳುವಿಗೆ ರೋಗ ತರುವ ಬೂಸ್ಟು ಇದೆ. ರೆಡ್ ನದಿ ಕಣಿವೆಯ ನೊಣದ ಮೇಲೂ ಅದನ್ನೇ ಪ್ರಯೋಗಿಸಿ ನೋಡಿದ್ದಾರೆ.

ಆದರೆ ಒಂದು ವಿಷಯದಲ್ಲಿ ನಾವು ಅವರಿಗಿಂತ ಭಾಗ್ಯವಂತರು. ಬೀಟಿನ ರೈತ ಗೆಡ್ಡೆಯನ್ನು ಮೊದಲ ವರ್ಷವೇ ಕಿತ್ತು ಕಾರ್ಖಾನೆಗೆ ಹಾಕುತ್ತಾನೆ. ಅವನ ಹೊಲದಲ್ಲಿ ಬೀಜವೇ ಆಗುವುದಿಲ್ಲ. ಆದರೂ ಸಂಕರ ಬೀಜ ಎರಡನೆಯ ತಲೆಮಾರಿಗೆ ಗುಣ ಕಳೆದುಕೊಳ್ಳುತ್ತದೆ. ಕಬ್ಬಿಗೆ ಬೀಜವೆಂದರೆ ಕಬ್ಬೇ. ಎರಡು ಕಣ್ಣಿನ, ಮೂರು ಕಣ್ಣಿನ ತುಂಡು ನೆಟ್ಟರೆ ಅದೇ ತಳಿ ಅದೇ ಗುಣದಿಂದ ಏಳುತ್ತದೆ. ಒಬ್ಬನ ಗದ್ದೆಗೆ ಒಳ್ಳೆಯ ತಳಿ ಬಂದರೆ ಎರಡು ವರ್ಷಕ್ಕೆ ಹತ್ತು ಗದ್ದೆಗೆ ಬಂಡಿಯಲ್ಲಿ ಹೋಗುತ್ತದೆ. ಆ ತಳಿಗಳು ಬಂದದ್ದೆಲ್ಲಿಂದ? 1912ರಲ್ಲಿ ಸ್ಥಾಪನೆಯಾದ ಕೊಯಮತ್ತೂರಿನ ಸರಕಾರಿ ಕಬ್ಬು ತಳಿ ಸಂಸ್ಥೆಯಿಂದ. ವೆಂಕಟರಾಮನ್ ಮತ್ತು ಬಾರ್ಬರ್ ಅವರು ನಾಡಕಬ್ಬಿಗೆ ಕಾಡುಕಬ್ಬಿನ ರಕ್ತ ಬೆರೆಸಿದ ಕೋ 205 ಹೊರಬಂದದ್ದು 1918ರಲ್ಲಿ. ಇಂದು ನಮ್ಮ ಗದ್ದೆಗಳಲ್ಲಿ ಬಹಳವಾಗಿ ಕಾಣುವ ಕೋ 86032 ಕೂಡ ಅದೇ ಮನೆಯ ಮಗು. ಯಾವ ಕಂಪನಿಯ ಶುಲ್ಕವೂ ಅದರ ಮೇಲಿಲ್ಲ. ರೈತ ತನ್ನ ಬೀಜವನ್ನು ಉಳಿಸುವ, ಬಿತ್ತುವ, ನೆರೆಯವನಿಗೆ ಕೊಡುವ ಹಕ್ಕನ್ನು ನಮ್ಮ 2001ರ ಕಾಯಿದೆಯೂ ಒಪ್ಪುತ್ತದೆ.

ಅಂದರೆ ಅಮೆರಿಕದಲ್ಲಿ ನಡುವೆ ಮುರಿದುಬಿದ್ದ ಸೇತುವೆ ನಮ್ಮಲ್ಲಿ ಪೂರ್ತಿ ಇದೆ. ಸಾರ್ವಜನಿಕ ಸಂಸ್ಥೆಯಿಂದ ಗದ್ದೆಯವರೆಗೆ ತಳಿ ತಾನಾಗಿ ನಡೆದುಬರಬಲ್ಲದು. ಕೊರತೆ ಇರುವುದು ಆ ಕಡೆಯಿಂದ ಕೇಳುವ ದನಿಯಲ್ಲಿ. ಇಳುವರಿ ಎಷ್ಟು, ಸಕ್ಕರೆ ಎಷ್ಟು ಎಂದು ಕಾರ್ಖಾನೆಯವರು ಕೇಳುತ್ತಾರೆ. ಗೊಣ್ಣೆ ಬಿದ್ದ ಗದ್ದೆಯಲ್ಲಿ ಯಾವ ತಳಿ ಎಷ್ಟು ನಿಂತಿತು ಎಂದು ಯಾರು ಕೇಳುತ್ತಾರೆ? ಪ್ರತಿ ಕಾರ್ಖಾನೆಗೂ ಕಬ್ಬು ಅಭಿವೃದ್ಧಿ ವಿಭಾಗವಿದೆ. ಹುಳುವಿನ ಕಾಟ ಇರುವ ಒಂದೆರಡು ಎಕರೆಯಲ್ಲಿ ಹಲವು ತಳಿ ನೆಟ್ಟು, ವಿಷ ಹಾಕದೆ, ಬುಡ ಅಗೆದು ಅಂಕ ಹಾಕುವುದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಹುಳ ತಿಂದ ಗದ್ದೆಯನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿಯೇ ಇದ್ದೀರಿ, ಬಹುಮಂದಿಗೆ ಊರಿನಲ್ಲಿ ತುಂಡು ಜಮೀನಿದೆ.

ಈ ಬಾರಿಯ ಸರ್ವಸದಸ್ಯರ ಸಭೆಯಲ್ಲಿ ಷೇರುದಾರರು ಇದನ್ನೇ ಕೇಳಬೇಕು: ಹಿಂದಿನ ಮೂರು ವರ್ಷ ಕೀಟನಾಶಕ ಕೊಳ್ಳಲು ಕೊಟ್ಟ ಸಾಲ ಎಷ್ಟು, ತಳಿ ಪರೀಕ್ಷೆಗೆ ಖರ್ಚು ಮಾಡಿದ್ದು ಎಷ್ಟು. ಎರಡು ಅಂಕಿಗಳನ್ನು ವರದಿಯಲ್ಲಿ ಅಕ್ಕಪಕ್ಕ ಅಚ್ಚು ಹಾಕಲಿ. ಕಾರ್ಮಿಕ ಸಂಘ ತನ್ನ ಬೇಡಿಕೆ ಪಟ್ಟಿಯಲ್ಲಿ ಪ್ರಯೋಗದ ಗದ್ದೆಯನ್ನೂ ಸೇರಿಸಬೇಕೆಂದು ನನ್ನ ಸೂಚನೆ. ಅರೆಯುವ ದಿನಗಳ ಲೆಕ್ಕ ನಮಗೂ ಸೇರಿದ್ದೇ ಆದ್ದರಿಂದ ಇದು ನಮ್ಮ ವ್ಯಾಪ್ತಿಯ ಹೊರಗಿನದೆಂದು ಆಡಳಿತದವರು ಹೇಳುವಂತಿಲ್ಲ. ಅರ್ಜಿಯ ಕರಡು ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ತಿದ್ದುಪಡಿ ಇದ್ದರೆ ಅಂಚಿನಲ್ಲಿ ಬರೆಯಿರಿ. ಸಹಿ ಹಾಕುವಾಗ ಷೇರುದಾರರು ಷೇರಿನ ಸಂಖ್ಯೆ, ಕೆಲಸಗಾರರು ಟೋಕನ್ ಸಂಖ್ಯೆ ನಮೂದಿಸಬೇಕು.